ಗಾಳಿಯೊಳಗಿನ ನೀರು

ಮೊನ್ನೆ ರಿಪ್ಪನ್‌ಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಕೂತಿದ್ದೆ ಎನ್ನುವುದು ಮಾತಿಗೆ. ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಎಂಬತ್ತು ದಾಟಿದ ಮೇಲಾದರೂ ಸುಮ್ಮನಿರಬಾರದೇ ಎಂದು ಮನೆಯಲ್ಲಿ ದಿನಾ ಬೈಸಿಕೊಳ್ಳುತ್ತೇನೆ. ಎದುರಿನ ಪಂಕ್ಚರ್ ಅಂಗಡಿಯಲ್ಲಿ ಒಂದು ಕಂಪ್ರೆಸರ್ ಏದುಸಿರು ಬಿಡುತ್ತಿತ್ತು. ಶುರುವಾಗುವುದು, ನಾಲ್ಕು ಉಸಿರು ಎಳೆಯುವುದು, ನಿಲ್ಲುವುದು, ಮತ್ತೆ ಶುರುವಾಗುವುದು. ಅದನ್ನು ಕೇಳಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಎದ್ದು ರಸ್ತೆ ದಾಟಿದೆ.

"ಇದರ ಟ್ಯಾಂಕಿನ ನೀರು ಯಾವಾಗ ತೆಗ್ದಿದ್ದು ಮಾರಾಯ?" ಎಂದೆ.

ಅಂಗಡಿಯವನಿಗೂ ಐವತ್ತರ ಮೇಲಾಗಿತ್ತು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. "ಇದು ಗಾಳಿ ಟ್ಯಾಂಕು ಅಜ್ಜ, ನೀರಿಂದಲ್ಲ" ಎಂದ.

ಉತ್ತರ ಕೊಡುವ ತಾಳ್ಮೆ ನನಗಿರಲಿಲ್ಲ. ಬಗ್ಗಿ, ಟ್ಯಾಂಕಿನ ಹೊಟ್ಟೆಯಡಿ ಕೈ ಹಾಕಿ, ತುಕ್ಕು ಹಿಡಿದು ಕೂತಿದ್ದ ಪುಟ್ಟ ನಲ್ಲಿಯನ್ನು ತಡಕಿ ತಿರುವಿದೆ. ಬುಸ್ಸೆಂದು ಗಾಳಿ ಬಂತು, ಅದರ ಹಿಂದೆ ಕಂದು ಬಣ್ಣದ ನೀರು ಬಂತು. ಬಂದೇ ಬಂತು. ಅಂಗಡಿಯವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ನನಗೆ ಮಾತ್ರ ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ಬಸ್ಸೂ ಬೇಡವಾಯಿತು, ಹೋಗಬೇಕಿದ್ದ ಮದುವೆಮನೆಯೂ ಬೇಡವಾಯಿತು. ಸುಟ್ಟ ಎಣ್ಣೆ, ಕಬ್ಬಿಣ, ಹಳಸಿದ ನೀರು, ಮೂರೂ ಸೇರಿದ ವಾಸನೆ ಅದು. ಒಂದು ಇಡೀ ಬೇಸಿಗೆ ನಾನು ಅದೇ ವಾಸನೆಯಲ್ಲಿ ಊಟ ಮಾಡಿದ್ದೇನೆ. ಅದು ಇದೇ ರಿಪ್ಪನ್‌ಪೇಟೆಯಿಂದ ಆಚೆ, ಹೊಸನಗರದ ದಾರಿಯಿಂದ ಒಳಗೆ ಹೋದರೆ ಸಿಗುವ ಒಂದು ಬೋಳುಗುಡ್ಡದ ಮೇಲೆ. ಅರವತ್ತರ ದಶಕದ ಶುರು. ಕೆಳಗೆ ಹೊಳೆಗೆ ಅಣೆಕಟ್ಟು ಏಳುತ್ತಿತ್ತು. ಬರುವ ಮಳೆಗಾಲದಲ್ಲಿ ನೀರು ನಿಲ್ಲಿಸುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದ ಬೇಸಿಗೆ ಅದು.

ನಾನು ತೀರ್ಥಹಳ್ಳಿಯ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿತು, ಸಾಗರದ ಕಂಟ್ರಾಕ್ಟರೊಬ್ಬರ ಹತ್ತಿರ ಫಿಟ್ಟರ್ ಆಗಿ ಸೇರಿದ್ದೆ. ಅವರ ಹತ್ತಿರ ಡೀಸೆಲ್ಲಿನ ಒಂದು ಕಂಪ್ರೆಸರ್ ಇತ್ತು. ನಾಲ್ಕು ಗಾಲಿಯದು, ಲಾರಿಯ ಹಿಂದೆ ಕಟ್ಟಿ ಎಳೆದೊಯ್ಯುವಂಥದು. ಅದರ ಗಾಳಿಯಿಂದ ಬಂಡೆ ಕೊರೆಯುವ ಎರಡು ಜಾಕ್‌ಹ್ಯಾಮರ್ ಇದ್ದವು. ಮುಳುಗುವ ಊರಿನವರಿಗೆ ಗುಡ್ಡದ ಮೇಲೆ ಜಾಗ ಕೊಟ್ಟಿದ್ದರು, ಅವರಿಗೆ ಬಾವಿ ತೋಡಿಸುವ ಕಂಟ್ರಾಕ್ಟು ನಮ್ಮವರಿಗೆ ಸಿಕ್ಕಿತ್ತು. ಸಂಕ್ರಾಂತಿ ಕಳೆದ ಮೇಲೆ ನಾನು, ಹ್ಯಾಮರ್ ಹಿಡಿಯುವ ಮುನಿಸ್ವಾಮಿ, ಇನ್ನು ನಾಲ್ಕು ಜನ ಕೂಲಿಯವರು ಆ ಗುಡ್ಡ ಹತ್ತಿದೆವು. ಮುನಿಸ್ವಾಮಿ ಎಲ್ಲೆಲ್ಲೋ ಗಣಿ, ರಸ್ತೆ ಎಂದು ತಿರುಗಿ ಬಂದವನು, ನನ್ನದೇ ವಯಸ್ಸು. ಅವನಿಗೆ ಎಷ್ಟು ನಿಧಾನವೋ ನನಗೆ ಅಷ್ಟು ಆತುರ.

ಅಲ್ಲಿ ಬಾವಿ ಆಗಲೇ ಅರ್ಧ ಆಗಿತ್ತು. ಜಂಬಿಟ್ಟಿಗೆ ಕಲ್ಲನ್ನು ಊರಿನವರೇ ಗುದ್ದಲಿ, ಪಿಕಾಸಿಯಲ್ಲಿ ಕಡಿದು ಇಳಿದಿದ್ದರು. ಅದರ ಕೆಳಗೆ ಕರಿಬಂಡೆ ಸಿಕ್ಕಿ ಕೈ ಚೆಲ್ಲಿದ್ದರು. ಬಾವಿಕಟ್ಟೆಯ ಪಕ್ಕ ಒಂದು ಹುಲ್ಲಿನ ಗುಡಿಸಲು, ಅದರ ಬಾಗಿಲಲ್ಲಿ ಒಬ್ಬ ಹೆಂಗಸು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಶೇಷಮ್ಮ. ಐವತ್ತರ ಹತ್ತಿರದ ಗಟ್ಟಿ ಜೀವ. ಅವರ ಗಂಡ ಪುಟ್ಟಣ್ಣ ಗೌಡರು ಒಳ್ಳೆಯವರು, ಆದರೆ ಆ ಮನೆಯಲ್ಲಿ ಮಾತೆಲ್ಲ ಶೇಷಮ್ಮನದೇ. ನಾವು ಲಾರಿಯಿಂದ ಕಂಪ್ರೆಸರ್ ಬಿಚ್ಚುವ ಮೊದಲೇ ಅವರು ಶುರು ಮಾಡಿದರು.

"ಬಾವಿಲಿ ನೀರು ಕಾಣದೆ ನಾನು ಕೆಳಗಿನ ಮನೆ ಬಿಟ್ಟು ಬರಲ್ಲ ಅಂದಿದೀನಿ. ಇವ್ರಿಗೂ ಹೇಳಿದೀನಿ, ಆಫೀಸರಿಗೂ ಹೇಳಿದೀನಿ. ಈಗ ನಿಮಗೂ ಹೇಳ್ತಿದೀನಿ."

"ನನಗ್ಯಾಕಮ್ಮ ಹೇಳ್ತೀರಿ? ನಾನು ಮಿಷನ್ ನೋಡ್ಕಳೋನು" ಎಂದೆ.

"ಮತ್ಯಾರಿಗೆ ಹೇಳ್ಲಿ? ನಿಮ್ಮ ಮಿಷನ್ ಅಲ್ದಾ ನೀರು ತರೋದು?"

ಆಮೇಲೆ ತಿಳಿಯಿತು, ಉಳಿದ ಮೂರು ಮನೆಯವರೂ ಶೇಷಮ್ಮ ಹೊರಟರೆ ನಾವೂ ಹೊರಡುತ್ತೇವೆ ಎಂದು ಕೂತಿದ್ದರು. ಆ ಗುಡ್ಡಕ್ಕೆ ಇದ್ದದ್ದು ಕೆಳಗಿನ ಹಳ್ಳದ ಒಂದು ಒರತೆ. ಅದೂ ಉಗಾದಿ ಹೊತ್ತಿಗೆ ಕೆಸರಾಗುತ್ತಿತ್ತು. ಬಾವಿಯಲ್ಲಿ ನೀರು ಬರದಿದ್ದರೂ ಮಳೆಗಾಲಕ್ಕೆ ಅವರು ಊರು ಬಿಡಲೇಬೇಕು, ಅಣೆಕಟ್ಟೇನು ಶೇಷಮ್ಮನ ಮಾತು ಕೇಳುತ್ತದೆಯೇ? ಬಿಟ್ಟು ಬಂದು ಈ ಗುಡ್ಡದ ಮೇಲೆ ದನಕರು ಕಟ್ಟಿಕೊಂಡು ನೀರಿಲ್ಲದೆ ಬದುಕುವುದೋ, ಇಲ್ಲ ಕೊಟ್ಟ ಜಾಗ ಬಿಟ್ಟು ಕೋಣಂದೂರಿನ ನೆಂಟರ ಜಗುಲಿಯಲ್ಲಿ ಹೋಗಿ ಬೀಳುವುದೋ ಎನ್ನುವ ಹಾಗಿತ್ತು ಅವರ ಸ್ಥಿತಿ. ನಮ್ಮ ಕಂಪ್ರೆಸರ್ ರೋಹಿಣಿ ಮಳೆಗೆ ಮೊದಲು ಗುಡ್ಡ ಇಳಿಯಬೇಕು ಎಂದು ಕಂಟ್ರಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಒಂದು ಮಳೆ ಬಿದ್ದು ಆ ಕೆಮ್ಮಣ್ಣು ಕಲಸಿದರೆ ಲಾರಿ ಮೇಲೆ ಬರುವುದಿಲ್ಲ, ಮೇಲಿದ್ದದ್ದು ದೀಪಾವಳಿಯವರೆಗೆ ಕೆಳಗಿಳಿಯುವುದಿಲ್ಲ.

ಹಾಗಾಗಿ ಮೊದಲ ದಿನದಿಂದಲೇ ನನಗೆ ಕಾಲಡಿ ಬೆಂಕಿ. ಮಿಷನ್ನಿಗೆ ಅದರ ಪರಿವೆಯೇ ಇರಲಿಲ್ಲ. ಮೊದಲ ವಾರ ಗಾಳಿ ಸಾಲದೆ ಹ್ಯಾಮರ್ ಸೊರಗಿತು. ಮೇಲೆ ಕಂಪ್ರೆಸರ್ ಭರ್ತಿ ಕೂಗುತ್ತಿದೆ, ಕೆಳಗೆ ಬಾವಿಯಲ್ಲಿ ಹ್ಯಾಮರ್ ಬಂಡೆಗೆ ಕಚಗುಳಿ ಇಟ್ಟಂತೆ ತಟ್ಟುತ್ತಿದೆ. ಎಲ್ಲೋ ಸೋರಿಕೆ ಇದೆ ಎಂದರೆ ಎಲ್ಲಿ? ಆ ಗದ್ದಲದಲ್ಲಿ ಕಿವಿ ಕೊಟ್ಟು ಹುಡುಕುವುದು ಆಗದ ಮಾತು. ಪೈಪಿನ ಉದ್ದಕ್ಕೂ ಕೈಯಾಡಿಸುತ್ತ ನಾನು ಯಾರ್ಯಾರನ್ನೋ ಬೈಯುತ್ತಿದ್ದಾಗ ಶೇಷಮ್ಮ ಬಂದು ನಿಂತರು.

"ಎಂತ ಹುಡುಕ್ತಿದೀರಿ?"

"ಗಾಳಿ ಎಲ್ಲಿ ಸೋರ್ತಿದೆ ಅಂತ. ಸಬಕಾರ ಇದ್ರೆ ಕೊಡಿ. ನೊರೆ ಹಚ್ಚಿದ್ರೆ ಗುಳ್ಳೆ ಏಳುತ್ತೆ."

"ಸಬಕಾರ ಎಲ್ಲಿಂದ ತರ್ಲಿ ಇಲ್ಲಿ? ಅಂಟುವಾಳ ಇದೆ, ಆಗ್ತದಾ?"

ಆಯಿತು. ಅಂಟುವಾಳದ ಕಾಯಿಯನ್ನು ಒಂದು ಬಟ್ಟಲಲ್ಲಿ ಕಿವುಚಿ ಬೆಣ್ಣೆಯಂಥ ನೊರೆ ತಂದರು. ಜೋಡಣೆ ಜೋಡಣೆಗೆ ಹಚ್ಚುತ್ತ ಹೋದೆವು. ಬಾವಿಯ ಬಾಯಿಯ ಹತ್ತಿರದ ಜೋಡಣೆಯಲ್ಲಿ ಗುಳ್ಳೆಗಳು ಬುಳುಬುಳು ಎದ್ದವು. ಒಳಗಿನ ರಬ್ಬರ್ ಬಿಲ್ಲೆ ಹರಿದಿತ್ತು. ಹಳೆಯ ಟ್ಯೂಬು ಕತ್ತರಿಸಿ ಹೊಸ ಬಿಲ್ಲೆ ಹಾಕಿದೆ. ಹ್ಯಾಮರ್ ಗುಡ್ಡ ನಡುಗುವ ಹಾಗೆ ಗುದ್ದತೊಡಗಿತು. ಶೇಷಮ್ಮ ಕಿವಿ ಮುಚ್ಚಿಕೊಂಡು ನಗುತ್ತ, "ಇಷ್ಟ್ ದಿನ ಅದಕ್ಕೆ ತಲೆ ತಿಕ್ಕಿ ಸ್ನಾನ ಆಗಿರ್ಲಿಲ್ಲ ಕಾಣ್ತದೆ" ಎಂದರು. ಅಂದಿನಿಂದ ಅವರು ನಮ್ಮವರಾದರು. ಎರಡು ದಿನ ಮೇಲಿದ್ದು ನಮಗೆ ಗಂಜಿ, ಚಟ್ನಿ ಮಾಡಿ ಹಾಕುವುದು, ಎರಡು ದಿನ ಕೆಳಗೆ ಹೋಗಿ ಅಲ್ಲಿನ ದನಕರು ನೋಡುವುದು, ಹೀಗೆ ಓಡಾಡಿಕೊಂಡಿದ್ದರು. ಕೆಳಗಿನ ಊರು ಒಂದು ಹೊತ್ತಿನ ದಾರಿ. ಹೋಗುವಾಗಲೆಲ್ಲ ನನ್ನನ್ನು ಕರೆಯುತ್ತಿದ್ದರು.

"ಒಂದ್ಸಲ ಕೆಳಗೆ ಬನ್ನಿ ಫಿಟ್ರೆ. ನಮ್ಮನೆ ಬಾವಿ ನೀರು ಕುಡೀರಿ. ಈ ಹಳ್ಳದ ಕೆಸರು ಕುಡ್ದು ಕುಡ್ದು ನಿಮ್ಮ ಮುಖ ಕೆಮ್ಮಣ್ಣಾಗಿದೆ."

"ಮಿಷನ್ ಬಿಟ್ಟು ಹೆಂಗ್ ಬರ್ಲಮ್ಮ?" ಎನ್ನುತ್ತಿದ್ದೆ. ಮಿಷನ್ನಿಗೆ ರಜೆ ಇದ್ದ ದಿನ ನಾನೂ ಹೋಗಬಹುದಿತ್ತು. ಆದರೆ ರಜೆಯ ದಿನ ನಾನು ಹ್ಯಾಮರ್ ಬಿಚ್ಚಿ ಚಿಮಣಿ ಎಣ್ಣೆಯಲ್ಲಿ ತೊಳೆಯುತ್ತ ಕೂರುತ್ತಿದ್ದೆ. ಬೇರೆ ಏನು ಮಾಡಿದರೂ ಜೀವಕ್ಕೆ ಸಮಾಧಾನ ಇರಲಿಲ್ಲ.

ಟ್ಯಾಂಕಿನ ನೀರಿನ ಸಂಗತಿ ಆಗಿದ್ದು ಆಗಲೇ. ಗಾಳಿಯನ್ನು ಒತ್ತಿ ಒತ್ತಿ ತುಂಬುವಾಗ ಅದರೊಳಗಿನ ತೇವ, ಒದ್ದೆ ಬಟ್ಟೆ ಹಿಂಡಿದ ಹಾಗೆ ಇಳಿದು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ನಮ್ಮ ಮಲೆನಾಡಿನ ಗಾಳಿಯಲ್ಲಿ ಬೇಸಿಗೆಯಲ್ಲೂ ತೇವಕ್ಕೇನು ಬರವೇ? ಅದನ್ನು ಬೆಳಿಗ್ಗೆ ಬೆಳಿಗ್ಗೆ ತೆಗೆಯದಿದ್ದರೆ ಪೈಪಿನೊಳಗೆ ಹೋಗಿ, ಹ್ಯಾಮರಿನ ಎಣ್ಣೆಯನ್ನೆಲ್ಲ ತೊಳೆದು, ಒಳಗಿನ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ನಾನು ನಲ್ಲಿ ಬಿಟ್ಟು ನೀರು ಚೆಲ್ಲುತ್ತಿದ್ದುದನ್ನು ಶೇಷಮ್ಮ ಒಂದು ಬೆಳಿಗ್ಗೆ ನೋಡಿಬಿಟ್ಟರು. ಓಡಿಬಂದು ಕೊಡ ಒಡ್ಡಿದರು.

"ಅಯ್ಯೋ, ನೀರು ಚೆಲ್ತೀರಲ್ಲ ಮಾರಾಯ್ರೆ. ಇದು ಎಲ್ಲಿಂದ ಬಂತು?"

"ಗಾಳಿಯಿಂದ."

"ಗಾಳಿಲಿ ನೀರು ಇಟ್ಕಂಡು ನೀವು ನೆಲ ಅಗೀತೀರಾ?" ಎಂದು ಅಂಗೈಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡರು. ನಾನು ಬೇಡ ಎನ್ನುವಷ್ಟರಲ್ಲಿ ಥೂ ಎಂದು ಉಗಿದು, ಸೆರಗಿನಿಂದ ನಾಲಗೆ ಒರೆಸಿಕೊಂಡರು. "ದರಿದ್ರದ ಎಣ್ಣೆ ವಾಸ್ನೆ. ಇದನ್ನು ನಮ್ಮ ಎಮ್ಮೇನೂ ಮೂಸಲ್ಲ."

ಮುನಿಸ್ವಾಮಿ ಬಿದ್ದು ಬಿದ್ದು ನಕ್ಕ. ಆಮೇಲೆ ದಿನಾ ಬೆಳಿಗ್ಗೆ ಅವನು, "ಅಮ್ಮ, ಕಾಪಿಗೆ ನೀರು ರೆಡಿ" ಎಂದು ಕೂಗುವುದು, ಅವರು ಗುಡಿಸಲಿನೊಳಗಿಂದ ಬೈಯುವುದು ಒಂದು ವಾಡಿಕೆಯೇ ಆಗಿಹೋಯಿತು.

ಹೀಗೆ ಕೆಲಸ ಸಾಗುತ್ತಿತ್ತು. ಕೊರೆಯುವುದು, ಕುಳಿಗೆ ಮದ್ದು ತುಂಬುವುದು, ಎಲ್ಲರೂ ದೂರ ಓಡುವುದು, ಸಿಡಿದ ಮೇಲೆ ಕಲ್ಲು ಎತ್ತಿ ಹಾಕುವುದು. ಹ್ಯಾಮರಿನ ಬಾಯಿಯ ಉಳಿಗೆ ನಡುವೆ ತೂತು, ಅದರಿಂದ ಬರುವ ಗಾಳಿ ಕುಳಿಯ ಪುಡಿಯನ್ನು ಹೊರಗೆ ಊದುತ್ತಿತ್ತು. ಬಂಡೆಯೊಳಗಿಂದ ಬರುತ್ತಿದ್ದುದು ಬರೀ ಬೂದಿಯಂಥ ಒಣ ಪುಡಿ. ಬಾವಿಯಿಂದ ಮೇಲೆ ಬರುವಾಗ ಮುನಿಸ್ವಾಮಿ ವಿಭೂತಿ ಬಳಿದುಕೊಂಡ ಸನ್ಯಾಸಿಯ ಹಾಗೆ ಕಾಣುತ್ತಿದ್ದ. ಶೇಷಮ್ಮ ಮೊದಲು ಅವನ ಕಾಲು ನೋಡುತ್ತಿದ್ದರು. ಒದ್ದೆ ಇದೆಯೇ ಎಂದು. ಇಲ್ಲದ್ದು ಕಂಡು ಏನೂ ಹೇಳದೆ ಒಳಗೆ ಹೋಗುತ್ತಿದ್ದರು. ಅವರು ಕೇಳಿಬಿಟ್ಟಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಶಿವರಾತ್ರಿಯ ಆಸುಪಾಸಿನಲ್ಲಿ ಹ್ಯಾಮರಿಗೆ ಹಾಕುವ ಎಣ್ಣೆ ಮುಗಿಯುತ್ತ ಬಂತು. ತರಲು ನಾನು ಸಾಗರಕ್ಕೆ ಹೋದೆ. ಇದ್ದ ಎಣ್ಣೆ ಸಂಜೆಗೆ ಸಾಕು, ಆಮೇಲೆ ಮಿಷನ್ ಮುಟ್ಟಬೇಡ ಎಂದು ಮುನಿಸ್ವಾಮಿಗೆ ಹೇಳಿ ಹೋಗಿದ್ದೆ. ಸಾಗರದಲ್ಲಿ ಎಣ್ಣೆ ಸಿಕ್ಕಿ, ಬಸ್ಸು ಸಿಕ್ಕಿ, ಡಬ್ಬ ಹೊತ್ತು ಗುಡ್ಡ ಹತ್ತಿ ಬರುವಾಗ ಮರುದಿನ ಬಿಸಿಲೇರಿತ್ತು. ದೂರದಿಂದಲೇ ಕಿವಿಗೊಟ್ಟೆ. ಕಂಪ್ರೆಸರ್ ಕೂಗುತ್ತಿದೆ, ಹ್ಯಾಮರಿನ ಸದ್ದಿಲ್ಲ. ಬಾವಿಕಟ್ಟೆಯ ಮೇಲೆ ಎರಡೂ ಹ್ಯಾಮರ್ ಮಲಗಿದ್ದವು. ಮುನಿಸ್ವಾಮಿ ತಲೆ ತಗ್ಗಿಸಿ ನಿಂತಿದ್ದ, ಶೇಷಮ್ಮ ಮಾತ್ರ ಏನೂ ಆಗದವರಂತೆ, "ಬಂದ್ರಾ?" ಎಂದರು.

"ಏನಾಯ್ತು?"

"ಎಂತ ಇಲ್ಲ. ಎಣ್ಣೆ ಇಲ್ಲ ಅಂತ ಸುಮ್ನೆ ಕೂತಿದ್ರು. ಹೊತ್ತು ಹೋಗ್ತಿತ್ತು. ನಾನೇ ಎಣ್ಣೆ ಕೊಟ್ಟೆ."

"ಯಾವ ಎಣ್ಣೆ?"

"ಒಳ್ಳೆ ಎಣ್ಣೆನೇ. ನಾನೇ ಆಡಿಸಿಟ್ಟ ಕೊಬ್ರಿ ಎಣ್ಣೆ. ಬಾಣಂತಿಗೆ, ಮಗು ತಲೆಗೆ ಅಂತ ಇಟ್ಟಿದ್ದು."

ಕೊಬ್ಬರಿ ಎಣ್ಣೆ. ತಂದ ಡಬ್ಬ ಅಲ್ಲೇ ಇಳಿಸಿದೆ. ಒತ್ತಿಟ್ಟ ಗಾಳಿ ಹ್ಯಾಮರಿನಿಂದ ಹೊರಗೆ ಹಾರುವಾಗ ತಣ್ಣಗಾಗುತ್ತದೆ. ಎಷ್ಟೆಂದರೆ ಸುಡುಬಿಸಿಲಿನಲ್ಲೂ ಗಾಳಿ ಹೊರಬೀಳುವ ಕಿಂಡಿಯ ಹತ್ತಿರ ಕೈ ಮರಗಟ್ಟುತ್ತದೆ. ಇದನ್ನು ಶೇಷಮ್ಮನೇ ಮುಟ್ಟಿ ನೋಡಿ, "ಬೆಣ್ಣೆ ಇಡಬೌದು ಇದ್ರೊಳಗೆ" ಎಂದು ತಮಾಷೆ ಮಾಡಿದ್ದರು. ಚಳಿಗಾಲದ ಬೆಳಿಗ್ಗೆ ಶೀಶೆಯಲ್ಲೇ ಗಟ್ಟಿಯಾಗುವ ಎಣ್ಣೆ ಅದರೊಳಗೆ ಏನಾಗಬೇಡ? ಬಿಚ್ಚಿದೆ. ಒಳಗಿನ ಕವಾಟ, ಗಾಳಿದಾರಿ, ಸುತ್ತುವ ಹಲ್ಲುಗಳ ಸಂದು, ಎಲ್ಲ ಕಡೆ ಬಿಳಿ ತುಪ್ಪದ ಹಾಗೆ ಹೆಪ್ಪುಗಟ್ಟಿತ್ತು. ಅದರ ಜೊತೆ ಕಲ್ಲಿನ ಪುಡಿ ಕಲಸಿ ಗಾರೆಯಾಗಿತ್ತು.

"ಯಾರ್ರೀ ನಿಮಗೆ ಇದನ್ನ ಮುಟ್ಟಿ ಅಂದಿದ್ದು? ನಿಮ್ಮ ಬಾವಿ ನೀವೇ ಹೂಳಿದ್ರಿ" ಎಂದುಬಿಟ್ಟೆ. ಬಾಯಿ ತಡೆಯಲಿಲ್ಲ.

ಶೇಷಮ್ಮನ ಮುಖ ಸಣ್ಣದಾಯಿತು. "ಅದು ಒಣಕ್ಲು ಗಂಟ್ಲಲ್ಲಿ ಕಿರುಚ್ತಿತ್ತು ಫಿಟ್ರೆ. ಕೇಳಕ್ಕಾಗ್ಲಿಲ್ಲ. ಮನೇಲಿದ್ದ ಒಳ್ಳೇದನ್ನೇ ಕೊಟ್ಟೆ" ಎಂದರು.

ನನ್ನ ಸಿಟ್ಟೆಲ್ಲ ಅಲ್ಲೇ ಸೋರಿಹೋಯಿತು. ಬಿಡಿಭಾಗಗಳನ್ನೆಲ್ಲ ಅವರೇ ಒಂದು ಬುಟ್ಟಿಯಲ್ಲಿ ಹೊತ್ತೊಯ್ದು ಒಲೆಯ ಸುತ್ತ ಬಿಸಿಗೆ ಇಟ್ಟರು. ಎಣ್ಣೆ ಕರಗಿ ಇಳಿದ ಮೇಲೆ ಚಿಮಣಿ ಎಣ್ಣೆಯಲ್ಲಿ ಒಂದೊಂದನ್ನೂ ತೊಳೆದೆವು. ಕೋಳಿಗರಿಯಿಂದ ಸಂದುಗೊಂದು ತಿಕ್ಕಿದೆವು. ಒಂದು ಹ್ಯಾಮರ್ ಬದುಕಿತು. ಇನ್ನೊಂದು ಗುದ್ದುತ್ತಿತ್ತು, ತಿರುಗುತ್ತಿರಲಿಲ್ಲ. ತಿರುಗದ ಹ್ಯಾಮರ್ ಒಂದೇ ಕಡೆ ಗುದ್ದಿ ಉಳಿ ಸಿಕ್ಕಿಸಿಕೊಳ್ಳುತ್ತದೆ, ಕುಳಿ ಕೊರೆಯುವುದಿಲ್ಲ. ಅದರ ಹಲ್ಲು ಮುರಿದಿತ್ತು. ಹೊಸ ಹಲ್ಲು ಮುಂಬಯಿಯಿಂದ ಬರಬೇಕು ಎಂದರು ಕಂಟ್ರಾಕ್ಟರು, ಬರಲೇ ಇಲ್ಲ. ಒಂದೇ ಹ್ಯಾಮರಿನಲ್ಲಿ ಕೆಲಸ ಅರ್ಧಕ್ಕಿಳಿಯಿತು. ಬಿಸಿಲು ಮಾತ್ರ ಅದರ ಪಾಡಿಗೆ ಅದು ಓಡುತ್ತಿತ್ತು.

ಭರಣಿ ಮಳೆ ಒಂದು ಸಂಜೆ ಗುಡುಗಿ ಹೊಯ್ದು ಹೋಯಿತು. ಮರುದಿನ ಮಧ್ಯಾಹ್ನ ಬಾವಿಯೊಳಗಿಂದ ಮುನಿಸ್ವಾಮಿ ಕೂಗಿಕೊಂಡ. ಕುಳಿಯಿಂದ ಬರುತ್ತಿದ್ದ ಪುಡಿ ಒದ್ದೆಯಾಗಿದೆ, ಕಲಸಿದ ಹಿಟ್ಟಿನ ಹಾಗೆ ಬರುತ್ತಿದೆ. ಗುಡ್ಡವೇ ಎದ್ದು ನಿಂತಿತು. ಪುಟ್ಟಣ್ಣ ಗೌಡರು, ಅದುವರೆಗೆ ನಾಲ್ಕು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ, "ಬಂತು, ಬಂತು" ಎನ್ನುತ್ತ ತೆಂಗಿನಕಾಯಿ ಒಡೆದೇಬಿಟ್ಟರು. ಶೇಷಮ್ಮ ಬಾವಿಕಟ್ಟೆ ಹಿಡಿದು ನಿಂತವರು ಅಲುಗಾಡಲಿಲ್ಲ. ನನಗೆ ಅನುಮಾನ. ಹೋಗಿ ಟ್ಯಾಂಕಿನ ನಲ್ಲಿ ತಿರುವಿದೆ. ಹಿಂದಿನ ಸಂಜೆಯ ಮಳೆಗೆ ಗಾಳಿ ಹಸಿಯಾಗಿತ್ತು, ಬೆಳಿಗ್ಗೆ ತೆಗೆದ ಮೇಲೂ ಮತ್ತೆ ಕೊಡಗಟ್ಟಲೆ ನೀರು ನಿಂತಿತ್ತು. ಅದೇ ಕಂದು ನೀರು, ಅದೇ ವಾಸನೆ. ಎಲ್ಲ ಚೆಲ್ಲಿ, ಪೈಪು ಊದಿಸಿ, ಮತ್ತೆ ಕೊರೆಯಲು ಹೇಳಿದೆ. ಕುಳಿಯಿಂದ ಬೂದಿ ಎದ್ದಿತು. ಒಣ ಬೂದಿ.

ಒಡೆದ ತೆಂಗಿನಕಾಯಿಯ ಹೋಳುಗಳನ್ನು ಶೇಷಮ್ಮ ಎತ್ತಿಕೊಂಡು ಹೋಗಿ ಚಟ್ನಿ ಮಾಡಿದರು. ಊಟಕ್ಕೆ ಕೂತಾಗ ನನ್ನ ಎಲೆಗೆ ಒಂದು ಹುಟ್ಟು ಜಾಸ್ತಿಯೇ ಹಾಕಿದರು.

ಕೃತ್ತಿಕೆ ಮಳೆಯ ಹೊತ್ತಿಗೆ ಆಕಾಶ ದಿನಾ ಮಧ್ಯಾಹ್ನ ಕಪ್ಪಾಗತೊಡಗಿತು. ಕಂಟ್ರಾಕ್ಟರ ಮೇಸ್ತ್ರಿ ಬಂದು ಬಾವಿ ಇಣುಕಿ, ಮೋಡ ನೋಡಿ, "ನಾಡಿದ್ದು ಬೆಳಿಗ್ಗೆ ಲಾರಿ ಬರ್ತದೆ. ತೀರ್ಥಹಳ್ಳಿ ಕಡೆ ರಸ್ತೆ ಕೆಲಸಕ್ಕೆ ಮಿಷನ್ ಬೇಕಂತೆ" ಎಂದ. ನಾನು ಜಗಳಕ್ಕೆ ನಿಂತೆ. ಅವನು ಸಮಾಧಾನದಿಂದ, "ಮಳೆ ಹಿಡಿದ್ರೆ ಮಿಷನ್ ಇಲ್ಲೇ ಕೊಳೀತದೆ, ನೀನೂ ಇಲ್ಲೇ ಕೊಳೀತಿ" ಎಂದು ಬೀಡಿ ಹಚ್ಚಿದ. ಅವನು ಹೇಳಿದ್ದು ಸುಳ್ಳಲ್ಲ. ಶೇಷಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಅವನಿಗೂ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದರು.

ಮರುದಿನ ಬೆಳಗಾಗುವ ಮೊದಲೇ ಟ್ಯಾಂಕು ಖಾಲಿ ಮಾಡಿ, ಹ್ಯಾಮರಿಗೆ ಎಣ್ಣೆ ಕೊಟ್ಟು, ಮುನಿಸ್ವಾಮಿಯನ್ನು ಬಾವಿಗಿಳಿಸಿದೆ. ಉಣ್ಣಲು ಕೂಡ ಮೇಲೆ ಬರಬೇಡ ಎಂದಿದ್ದೆ. ಮಧ್ಯಾಹ್ನದ ಹೊತ್ತಿಗೆ ಹ್ಯಾಮರಿನ ದನಿ ಬದಲಾಯಿತು. ಬಾಯಲ್ಲಿ ಏನೋ ತುಂಬಿಕೊಂಡು ಮಾತಾಡುವವನ ಹಾಗೆ ಗೊಳಗೊಳ ಎನ್ನತೊಡಗಿತು. ಆಮೇಲೆ ನಿಂತಿತು.

"ಅಣ್ಣ, ಮತ್ತೆ ಒದ್ದೆ ಪುಡಿ. ಉಳಿಯ ತೂತು ಕಟ್ಟಿದೆ" ಎಂದು ಕೆಳಗಿಂದ ಕೂಗಿದ. ಅವನ ದನಿಯಲ್ಲಿ ಈ ಸಲ ಉತ್ಸಾಹವಿರಲಿಲ್ಲ, ಬೇಸರವಿತ್ತು.

ನನಗೆ ಮೈಯೆಲ್ಲ ಉರಿಯಿತು. ಓಡಿಹೋಗಿ ನಲ್ಲಿ ತಿರುವಿದೆ. ಎರಡು ಹನಿ ಬಿತ್ತು, ಅಷ್ಟೆ. ಹಾಗಾದರೆ ನೀರು ಪೈಪಿನಲ್ಲಿದೆ ಎಂದುಕೊಂಡೆ. ಪೈಪು ಬಿಚ್ಚಿಸಿ, ಬಾಯಿ ಆಕಾಶಕ್ಕೆ ಹಿಡಿಸಿ ಊದಿಸಿದೆ. ಒಣ ಗಾಳಿ ಬಂತು. ಹ್ಯಾಮರ್ ಮೇಲಕ್ಕೆಳೆದು ಬಿಚ್ಚಿದೆ. ಒಳಗೆ ಎಣ್ಣೆ ಮಿರಮಿರ ಮಿಂಚುತ್ತಿದೆ, ತೇವದ ಗುರುತಿಲ್ಲ. ಜೋಡಿಸಿ ಇಳಿಸಿದೆ. ಮತ್ತೆ ಗೊಳಗೊಳ, ಮತ್ತೆ ನಿಂತಿತು. ಮತ್ತೆ ಬಿಚ್ಚಿದೆ. ಈ ಮಿಷನ್ ಕಡೆಯ ದಿನವೂ ನನ್ನ ಜೀವ ತಿನ್ನುತ್ತಿದೆಯಲ್ಲ ಎಂದು ನಟ್ಟು ಬಿಚ್ಚುವ ಪಾನಾ ಎತ್ತಿ ನೆಲಕ್ಕೆ ಬಡಿದೆ. ಎಲ್ಲಿಂದ ಬರುತ್ತಿದೆ ಈ ನೀರು? ಟ್ಯಾಂಕಿನಲ್ಲಿಲ್ಲ, ಪೈಪಿನಲ್ಲಿಲ್ಲ, ಹ್ಯಾಮರಿನಲ್ಲಿಲ್ಲ. ದೋಷ ಮಿಷನ್ನಿನಲ್ಲೇ ಇರಬೇಕು ಎಂದು ನಾನು ಎಷ್ಟು ಗಟ್ಟಿಯಾಗಿ ನಂಬಿದ್ದೆನೆಂದರೆ, ಇನ್ನೊಂದು ಕಡೆ ನೋಡಬೇಕು ಎನ್ನುವುದು ತಲೆಗೇ ಬರಲಿಲ್ಲ.

ಹ್ಯಾಮರಿನ ಜೊತೆ ಮೇಲೆ ಬಂದ ಉಳಿ ಬಾವಿಕಟ್ಟೆಗೆ ಒರಗಿತ್ತು. ಅದರ ತುದಿಯಿಂದ ಬೂದುಬಣ್ಣದ ರಾಡಿ ತೊಟ್ಟಿಕ್ಕುತ್ತಿತ್ತು. ಶೇಷಮ್ಮ ಬಂದು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತರು. ಬೆರಳಲ್ಲಿ ರಾಡಿ ಮುಟ್ಟಿದರು. ಮೂಸಿದರು. ಆಮೇಲೆ ನಾಲಗೆಗೆ ಹಚ್ಚಿಕೊಂಡರು. ಇನ್ನೊಮ್ಮೆ ಹಚ್ಚಿಕೊಂಡರು.

"ಫಿಟ್ರೆ" ಎಂದರು. ದನಿ ಬಹಳ ಸಣ್ಣಗಿತ್ತು. "ಇದ್ರಲ್ಲಿ ಎಣ್ಣೆ ವಾಸ್ನೆ ಇಲ್ಲ."

ನಾನು ಪಾನಾ ಬಿಸಾಡಿದೆ. ಆಮೇಲೆ ಹಗ್ಗ ಹಿಡಿದು ನಾನೇ ಬಾವಿಗಿಳಿದೆ. ಮುನಿಸ್ವಾಮಿ ಮಂಡಿಯೂರಿ ಕುಳಿಗೆ ಕಿವಿ ಕೊಟ್ಟಿದ್ದ. ಕೊರೆದ ಕುಳಿಯ ಬಾಯಿಯ ತನಕ ನೀರು ಬಂದು ನಿಂತಿತ್ತು. ನೋಡುತ್ತಿದ್ದ ಹಾಗೆ ತುಂಬಿ, ಅಂಚು ದಾಟಿ, ಬಂಡೆಯ ಮೇಲೆ ಒಂದು ಎಳೆಯಾಗಿ ಹರಿಯಿತು. ಮುಟ್ಟಿದೆ. ತಣ್ಣಗಿತ್ತು. ಮುನಿಸ್ವಾಮಿ ನನ್ನ ಕುತ್ತಿಗೆ ತಬ್ಬಿಕೊಂಡು ಅವನ ಭಾಷೆಯಲ್ಲಿ ಏನೇನೋ ಹೇಳಿದ. ನಾವಿಬ್ಬರೂ ಅತ್ತೆವು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಸಂಜೆಯೊಳಗೆ ಅದೇ ಕುಳಿಗಳಿಗೆ ಮದ್ದು ಹಾಕಿ ಸಿಡಿಸಿದೆವು. ಕಲ್ಲು ಸರಿಸುವಷ್ಟರಲ್ಲಿ ಕಣಕಾಲು ಮುಳುಗುವಷ್ಟು ನೀರು. ಕೂಲಿಯವರು ಕುಣಿದರು. ಪುಟ್ಟಣ್ಣ ಗೌಡರು ಈ ಸಲ ಕಾಯಿ ಒಡೆಯುವ ಮೊದಲು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದ ಮೇಲೆ ಒಡೆದರು. ಶೇಷಮ್ಮ ಎಲ್ಲೂ ಕಾಣಲಿಲ್ಲ. ಹುಡುಕಿ ಹೋದರೆ ಗುಡಿಸಲಿನ ಹಿಂದೆ, ಕೆಳಗಿನ ಊರಿನ ಕಡೆ ಮುಖ ಮಾಡಿ ಕೂತಿದ್ದರು. ಅಲ್ಲಿಂದ ಊರು ಕಾಣುವುದಿಲ್ಲ, ಮರದ ತಲೆಗಳು ಕಾಣುತ್ತವೆ ಅಷ್ಟೆ.

"ನೀರು ಬಂತಲ್ಲಮ್ಮ, ಇಲ್ಲಿ ಬಂದು ಕೂತಿದೀರಿ" ಎಂದೆ.

"ಬಂತು" ಎಂದರು. "ಇನ್ನು ನಂಗೆ ಹೇಳಕ್ಕೆ ಎಂತ ಉಳೀತು?"

ನನಗೆ ಕೂಡಲೇ ಅರ್ಥವಾಗಲಿಲ್ಲ. ಅವರೇ ಹೇಳಿದರು. "ನೀರು ಕಾಣದೆ ಹೊರಡಲ್ಲ ಅಂದಿದ್ದೆ. ಅದೊಂದು ಮಾತಿತ್ತು ನನ್ ಹತ್ರ. ನೀರು ಬರ್ಲಿ ಅಂತ ದಿನಾ ಕೈ ಮುಗ್ದೆ ಫಿಟ್ರೆ. ಇವತ್ತು ಬ್ಯಾಡ ಅಂತನೂ ದಿನಾ ಕೈ ಮುಗ್ದೆ."

ಇಡೀ ಬೇಸಿಗೆ ನಾನು ಅವರಿಗಾಗಿ ಓಡಿದ್ದೆ ಎಂದುಕೊಂಡಿದ್ದೆ. ಎತ್ತಿನ ಮುಂದೆ ಓಡುವವನ ಹಾಗೆ ಅವರ ಮುಂದೆ ಓಡಿದ್ದೆ, ಹಿಂದೆ ತಿರುಗಿ ಅವರ ಮುಖ ನೋಡಿರಲಿಲ್ಲ. ಹತ್ತಿರ ಕೂತೆ. ಸುಮ್ಮನೆ ಒಂದು ಕಡೆ ಕೂತಿದ್ದು ಆ ಬೇಸಿಗೆಯಲ್ಲಿ ಅದೇ ಮೊದಲು.

ಕತ್ತಲಾಗುವ ಮೊದಲೇ ಶೇಷಮ್ಮ ಖಾಲಿ ತಾಮ್ರದ ಕೊಡ ಎತ್ತಿಕೊಂಡು ಗಂಡನ ಜೊತೆ ಎತ್ತಿನಗಾಡಿಯಲ್ಲಿ ಕೆಳಗೆ ಹೊರಟರು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಮರುದಿನ ಲಾರಿ ಬಂತು. ಕಂಪ್ರೆಸರ್ ಕಟ್ಟಿದ್ದಾಯಿತು, ಪೈಪು ಸುತ್ತಿದ್ದಾಯಿತು, ಹ್ಯಾಮರುಗಳನ್ನು ಗೋಣಿಯಲ್ಲಿ ಸುತ್ತಿಟ್ಟದ್ದಾಯಿತು. ಮೋಡ ಗುಡ್ಡದ ನೆತ್ತಿಗೆ ಇಳಿದಿತ್ತು. ಡ್ರೈವರ್ ಹಾರನ್ ಹೊಡೆಯುತ್ತಿದ್ದ, ಮೇಸ್ತ್ರಿ ಕೈಗಡಿಯಾರ ನೋಡುತ್ತಿದ್ದ. ನಾನು ಏನಾದರೊಂದು ನೆಪ ತೆಗೆದು ನಟ್ಟು ಬಿಗಿಯುತ್ತಿದ್ದೆ. ಅಷ್ಟರಲ್ಲಿ ಗಾಡಿ ಬಂತು.

ಶೇಷಮ್ಮ ಕೊಡವನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದರು. ಬಾಯಿಗೆ ಬಾಳೆಲೆ ಕಟ್ಟಿತ್ತು. ದಾರಿಯುದ್ದಕ್ಕೂ ತುಳುಕಿ ಸೀರೆಯೆಲ್ಲ ಒದ್ದೆ. ಯಾರ ಜೊತೆಗೂ ಮಾತಾಡದೆ ನೆಟ್ಟಗೆ ಬಾವಿಕಟ್ಟೆಗೆ ಹೋದರು. ಎಲೆ ಬಿಚ್ಚಿ, ಕೆಳಗಿನ ಮನೆಯ ಬಾವಿಯ ನೀರನ್ನು ಹೊಸ ಬಾವಿಗೆ ಸುರಿದರು. ಒಂದು ಹನಿಯೂ ಉಳಿಯದ ಹಾಗೆ ಕೊಡ ಬೋರಲು ಹಿಡಿದು ನಿಂತರು. ಪುಟ್ಟಣ್ಣ ಗೌಡರು ಟವೆಲಿನಲ್ಲಿ ಕಣ್ಣೊರೆಸಿಕೊಂಡರು. ಹಾರನ್ ನಿಂತಿತು.

ಆಮೇಲೆ ಅವರು ಹಗ್ಗ ಕಟ್ಟಿ ಅದೇ ಕೊಡ ಇಳಿಸಿ, ಸ್ವಲ್ಪ ನೀರು ಸೇದಿದರು. ಕೊಡ ತಂದು ನನ್ನ ಮುಂದೆ ಬಗ್ಗಿಸಿದರು. ಬೊಗಸೆ ಒಡ್ಡಿದೆ. ನೀರು ಇನ್ನೂ ಕಲ್ಲುಪುಡಿಯಿಂದ ಬೆಳ್ಳಗಿತ್ತು.

"ಕುಡೀರಿ. ಎಣ್ಣೆ ವಾಸ್ನೆ ಇದ್ಯಾ?"

ಕುಡಿದೆ. "ಇಲ್ಲಮ್ಮ."

"ನಮ್ಮನೆ ಬಾವಿ ನೀರಿನ ರುಚಿ ಇದ್ಯಾ?"

ಅವರ ಮನೆಯ ಬಾವಿಯ ನೀರನ್ನು ನಾನು ಒಮ್ಮೆಯೂ ಕುಡಿದಿರಲಿಲ್ಲ. 'ಬನ್ನಿ ಬನ್ನಿ' ಎಂದು ಅವರು ಬೇಸಿಗೆಯುದ್ದಕ್ಕೂ ಕರೆದಿದ್ದರು, ನಾನು ಹೋಗಿರಲಿಲ್ಲ. ಇನ್ನು ಹೋಗುವ ಹಾಗೂ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಆದರೂ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.

"ಇದೆ" ಎಂದೆ. "ಅದೇ ರುಚಿ."

"ಹಂಗಾರೆ ಸೈ" ಎಂದು ಶೇಷಮ್ಮ ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಗುಡಿಸಲಿನ ಕಡೆ ನಡೆದರು.